ಬೆಚ್ಚಗಾದಾಗ ಗಟ್ಟಿಯಾಗುವ ದ್ರವ: ಚುಚ್ಚುಮದ್ದಿನಂತೆ ಕೊಡುವ ಸ್ಕ್ಯಾಫೋಲ್ಡ್‌ಗಳ ಬಗ್ಗೆ ಟಿಪ್ಪಣಿ

ಹೊಸ ಜೀವಕೋಶಗಳು ನೆಲೆಯೂರಿ ಬೆಳೆಯಲು ಒದಗಿಸುವ ತಾತ್ಕಾಲಿಕ ಆಸರೆಯೇ ಸ್ಕ್ಯಾಫೋಲ್ಡ್. ಸಿರಿಂಜಿನಲ್ಲಿ ದ್ರವವಾಗಿದ್ದು ದೇಹ ಸೇರಿದ ಮೇಲೆ ಜೆಲ್ ಆಗುವ ಬಗೆಯು ಅಂಕುಡೊಂಕಾದ ಕುಳಿಯನ್ನೂ ಪೂರ್ತಿಯಾಗಿ ತುಂಬುತ್ತದೆ ಮತ್ತು ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುತ್ತದೆ. ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್‌ನ ಸರಪಳಿಗಳನ್ನು ಕ್ಯಾಲ್ಸಿಯಂ ಅಯಾನುಗಳು ಬೆಸೆಯುವುದು, ಥ್ರಾಂಬಿನ್ ಕಿಣ್ವವು ರಕ್ತದ ಪ್ರೋಟೀನ್ ಆದ ಫೈಬ್ರಿನೋಜೆನ್ ಅನ್ನು ಫೈಬ್ರಿನ್ ಜಾಲವಾಗಿಸುವುದು ಸುಲಭವಾಗಿ ಅರ್ಥವಾಗುತ್ತವೆ. ತೊಡಕಿರುವುದು ಕೇವಲ ದೇಹದ ಶಾಖದಿಂದ ಜೆಲ್ ಆಗುವ ಪಾಲಿಮರ್‌ಗಳಲ್ಲಿ, ಅಂದರೆ ಉದ್ದನೆಯ ಸರಪಳಿಯಂಥ ಅಣುಗಳಲ್ಲಿ.

ಜೆಲಾಟಿನ್ ಬೆಚ್ಚಗಾದರೆ ಕರಗುತ್ತದೆ. ಈ ಪಾಲಿಮರ್‌ಗಳು ಅದಕ್ಕೆ ತದ್ವಿರುದ್ಧವಾಗಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಿದು 37 ಡಿಗ್ರಿಯಲ್ಲಿ ಗಟ್ಟಿಯಾಗುತ್ತವೆ. ಶಾಖ ಹೆಚ್ಚಿದಂತೆ ಅವ್ಯವಸ್ಥೆಯೂ ಹೆಚ್ಚಬೇಕಲ್ಲವೇ, ಹಾಗಿರುವಾಗ ಚದುರಿದ್ದ ಸರಪಳಿಗಳು ಒಂದುಗೂಡುವುದು ಹೇಗೆ? ಪಾಲಿಮರ್ ಅನ್ನು ಬದಿಗಿಟ್ಟು ನೀರಿನ ಕಡೆ ನೋಡಿದರೆ ಗಂಟು ಬಿಡಿಸಿಕೊಳ್ಳುತ್ತದೆ. ಸರಪಳಿಯ ಜಲದ್ವೇಷಿ ಭಾಗಗಳ ಸುತ್ತ ನೀರಿನ ಅಣುಗಳು ಶಿಸ್ತಾಗಿ ಸುತ್ತುಗಟ್ಟಿ ನಿಂತಿರುತ್ತವೆ. ಆ ಭಾಗಗಳು ಒಂದಕ್ಕೊಂದು ಅಂಟಿಕೊಂಡಾಗ ಅಣುಗಳು ಬಿಡುಗಡೆಯಾಗಿ, ಒಟ್ಟು ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಹೆಚ್ಚುತ್ತದೆ.

ಇದನ್ನು ಲೆಕ್ಕದಲ್ಲಿ ನೋಡೋಣ. ಮುಕ್ತ ಶಕ್ತಿಯ ಬದಲಾವಣೆ = ಎಂಥಾಲ್ಪಿಯ ಬದಲಾವಣೆ − (ತಾಪಮಾನ × ಎಂಟ್ರೊಪಿಯ ಬದಲಾವಣೆ). ಎಂಥಾಲ್ಪಿ ಎಂದರೆ ಸ್ಥೂಲವಾಗಿ ಶಾಖದ ರೂಪದ ಶಕ್ತಿ; ಮುಕ್ತ ಶಕ್ತಿಯ ಬದಲಾವಣೆ ಋಣಾತ್ಮಕವಾದರೆ ಕ್ರಿಯೆ ತಾನಾಗಿಯೇ ನಡೆಯಬಲ್ಲದು, ಧನಾತ್ಮಕವಾದರೆ ಇಲ್ಲ. ಕರಗುವಾಗ ಪಾಲಿಮರ್ ಮತ್ತು ನೀರಿನ ನಡುವೆ ಹೈಡ್ರೋಜನ್ ಬಂಧಗಳು ಏರ್ಪಡುವುದರಿಂದ ಎಂಥಾಲ್ಪಿಯ ಬದಲಾವಣೆ ಋಣಾತ್ಮಕ. ನೀರು ಶಿಸ್ತಿಗೆ ಒಳಪಡುವುದರಿಂದ ಎಂಟ್ರೊಪಿಯ ಬದಲಾವಣೆಯೂ ಋಣಾತ್ಮಕ. ಎರಡು ಋಣ ಚಿಹ್ನೆಗಳು ಸೇರಿ ಎರಡನೆಯ ಪದ ಧನವಾಗುತ್ತದೆಂಬುದನ್ನು ಮರೆತರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ. ಎಂಥಾಲ್ಪಿ −305, ಎಂಟ್ರೊಪಿ −1 ಎಂದು ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. 277 ಕೆಲ್ವಿನ್‌ನಲ್ಲಿ (ಸುಮಾರು 4 ಡಿಗ್ರಿ ಸೆಲ್ಸಿಯಸ್) ಉತ್ತರ −28, ಅಂದರೆ ಪಾಲಿಮರ್ ಕರಗಿರುತ್ತದೆ. 310 ಕೆಲ್ವಿನ್‌ನಲ್ಲಿ (ಸುಮಾರು 37 ಡಿಗ್ರಿ) +5, ಅಂದರೆ ಅದು ನೀರಿನಿಂದ ಹಿಂಜರಿಯುತ್ತದೆ. ಕೇವಲ 33 ಡಿಗ್ರಿಗಳ ಅಂತರ ಸಾಕಾಗುವುದಕ್ಕೆ ಕಾರಣವೂ ಇಲ್ಲೇ ಇದೆ: ಎರಡು ಪದಗಳು ಹೆಚ್ಚುಕಡಿಮೆ ಸರಿಸಮವಾಗಿರುವುದರಿಂದ ಸಣ್ಣ ತಳ್ಳಿಕೆಗೂ ಚಿಹ್ನೆ ಬದಲಾಗುತ್ತದೆ.

ಸುಮಾರು 32 ಡಿಗ್ರಿಯಲ್ಲಿ ಹೀಗೆ ವರ್ತಿಸುವ ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಲ್ಲ ಪಠ್ಯಗಳಲ್ಲೂ ಮೊದಲು ಸಿಗುವ ಉದಾಹರಣೆಯಾದರೂ, ಅದರ ಇಂಗಾಲದ ಬೆನ್ನೆಲುಬು ದೇಹದಲ್ಲಿ ವಿಘಟನೆಯಾಗುವುದಿಲ್ಲ. ಆದ್ದರಿಂದ ನಮ್ಮ ವಿಷಯಕ್ಕೆ ಪಿಎಲ್‌ಜಿಎ–ಪಿಇಜಿ–ಪಿಎಲ್‌ಜಿಎ ಹೆಚ್ಚು ತಕ್ಕ ಮಾದರಿಯೆಂದು ನನ್ನ ಅಭಿಪ್ರಾಯ. ಇದರಲ್ಲಿ ನೀರಿಗೆ ಒಗ್ಗುವ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ನಡುವೆ, ನೀರೊಲ್ಲದ ಪಿಎಲ್‌ಜಿಎ (ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಪಾಲಿಮರ್) ಎರಡೂ ತುದಿಗಳಲ್ಲಿ ಇರುತ್ತದೆ. ಇದರ ನೀರೊಲ್ಲದ ತುದಿಗಳು ಒಳಸೇರಿ ಮಿಸೆಲ್‌ಗಳಾಗುತ್ತವೆ, ಅಂದರೆ ಸರಪಳಿಗಳ ಪುಟ್ಟ ಉಂಡೆಗಳಾಗುತ್ತವೆ. ಬೆಚ್ಚಗಾದಂತೆ ಒಂದೇ ಸರಪಳಿಯ ಎರಡು ತುದಿಗಳು ಬೇರೆ ಬೇರೆ ಮಿಸೆಲ್‌ಗಳಲ್ಲಿ ಸಿಕ್ಕಿಕೊಂಡು ಸೇತುವೆಗಳಾಗುತ್ತವೆ, ಸಾಂದ್ರತೆ ಸಾಕಷ್ಟಿದ್ದರೆ ಜಾಲವೇ ಹೆಣೆದುಕೊಳ್ಳುತ್ತದೆ. ನೀರು ಪಿಎಲ್‌ಜಿಎಯ ಎಸ್ಟರ್ ಬಂಧಗಳನ್ನು ಕತ್ತರಿಸುತ್ತಾ ಹೋದಂತೆ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳು ಉಳಿಯುತ್ತವೆ. ಪಿಇಜಿ ಮಾತ್ರ ಒಡೆಯದೆ, ಸರಪಳಿ ಚಿಕ್ಕದಿದ್ದರೆ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ.

ವಿಘಟನೆಯನ್ನು ಕೊನೆಯಲ್ಲಿ ನಡೆಯುವ ಶುಚಿ ಕಾರ್ಯವೆಂದು ಓದಬಾರದು. ಸಾಮಾನ್ಯ ಹೈಡ್ರೋಜೆಲ್‌ನ (ನೀರು ತುಂಬಿದ ಪಾಲಿಮರ್ ಜಾಲದ) ಕಣ್ಣುಗಳು ನ್ಯಾನೊಮೀಟರ್ ಅಳತೆಯವು, ಜೀವಕೋಶವಾದರೋ ಸುಮಾರು 10ರಿಂದ 20 ಮೈಕ್ರೊಮೀಟರ್‌ನಷ್ಟು ದೊಡ್ಡದು. ಹೀಗಾಗಿ ಒಳಗೆ ಬೆರೆಸಿದ ಕೋಶಕ್ಕೆ ಪೋಷಕಾಂಶ ತಲುಪಬಹುದೇ ಹೊರತು, ಸುತ್ತಲಿನ ಸರಪಳಿಗಳು ಕತ್ತರಿಸಿಹೋಗುವವರೆಗೆ ಅದು ಹರಡಲಾಗದು, ವಿಭಜನೆಯಾಗಲೂ ಕಷ್ಟ. ಕೋಶಗಳೇ ಸ್ರವಿಸುವ ಮ್ಯಾಟ್ರಿಕ್ಸ್ ಮೆಟಲೊಪ್ರೋಟಿಯೇಸ್ ಕಿಣ್ವಗಳಿಗೆ ತುಂಡಾಗುವ ಪೆಪ್ಟೈಡ್‌ಗಳನ್ನು (ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳನ್ನು) ಜಾಲದ ಕೊಂಡಿಗಳಾಗಿ ಬಳಸುವುದು ಈ ಕಾರಣಕ್ಕೆ: ಆಗ ಜೆಲ್ ಎಲ್ಲೆಡೆ ಒಮ್ಮೆಗೇ ಸಡಿಲವಾಗದೆ, ಕೋಶ ಮುಂದುವರಿದ ಕಡೆಯಷ್ಟೇ ದಾರಿ ಬಿಡುತ್ತದೆ.