ಬಾಲ್ಯದ ಆಘಾತ: ಸಂಶೋಧನೆಯಿಂದ ಥೆರಪಿಗೆ ಏನನ್ನು ತರಬೇಕು?

ಬಾಲ್ಯದ ಆಘಾತ ಅಂದ ಕೂಡಲೇ ಪಠ್ಯಗಳು ಶುರುವಾಗುವುದು ಎಸಿಇ (ಬಾಲ್ಯದ ಕಹಿ ಅನುಭವಗಳು) ಅಧ್ಯಯನದಿಂದ. ನಾವೂ ಅಲ್ಲಿಂದಲೇ ಹೊರಡೋಣ, ಆದರೆ ಅಲ್ಲೇ ನಿಲ್ಲುವುದು ಬೇಡ.

1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಕಾರಣ ವಿಚಾರಿಸುತ್ತಾ ಹೋದಾಗ, ಅವರಲ್ಲಿ ಹಲವರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು ತಿಳಿಯಿತು. ಮುಂದೆ ಫೆಲಿಟ್ಟಿ, ರಾಬರ್ಟ್ ಆಂಡಾ ಎಂಬ ಸಂಶೋಧಕರ ಜೊತೆ ಸೇರಿ 17,000ಕ್ಕೂ ಜಾಸ್ತಿ ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಇದೇ ಎಸಿಇ ಅಧ್ಯಯನ. ಹೊಡೆತ, ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಯ ಮೇಲಿನ ಹಿಂಸೆ, ಹೀಗೆ ಒಂದೊಂದು ಬಗೆಗೂ ಒಂದು ಅಂಕ. 1998ರ ಮೊದಲ ವರದಿಯ ಪ್ರಕಾರ, 4 ಅಥವಾ ಹೆಚ್ಚು ಅಂಕದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಯತ್ನದಂಥ ಅಪಾಯಗಳು 4ರಿಂದ 12 ಪಟ್ಟು ಹೆಚ್ಚಿದ್ದವು.

ನಾವು ಎಡವುವುದು ಇಲ್ಲೇ. ಈ ಅಂಕ ಸಾವಿರಾರು ಜನರ ಬಗ್ಗೆ ಮಾತಾಡುತ್ತದೆ, ಎದುರಿಗೆ ಕೂತ ಒಂದು ಮಗುವಿನ ಬಗ್ಗೆ ಅಲ್ಲ. ಒಮ್ಮೆ ನಡೆದದ್ದಕ್ಕೂ ವರ್ಷಗಟ್ಟಲೆ ನಡೆದದ್ದಕ್ಕೂ ಅದೇ ಒಂದು ಅಂಕ. ಆಗ ಮಗುವಿಗೆ ಎಷ್ಟು ವಯಸ್ಸು, ಪಕ್ಕದಲ್ಲಿ ಯಾರಿದ್ದರು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಒಬ್ಬೊಬ್ಬರನ್ನು ಅಳೆಯಲು ಇದನ್ನು ಬಳಸಬೇಡಿ ಎಂದು ಆಂಡಾ ಅವರೇ 2020ರಲ್ಲಿ ಬರೆದರು. ಆದರೂ ಅಂಕಪಟ್ಟಿಯಂತೆ ಫೈಲಿಗೆ ಅಂಟಿಸುವವರು ಇದ್ದಾರೆ.

ಥೆರಪಿಗೆ ಇದಕ್ಕಿಂತ ಜಾಸ್ತಿ ಉಪಯೋಗ ಆಗುವುದು ರೊಮೇನಿಯಾದ ಬುಕಾರೆಸ್ಟ್ ಅಧ್ಯಯನ ಅಂತ ನನ್ನ ಅನಿಸಿಕೆ. ಅನಾಥಾಲಯದಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಕಳಿಸಿದರು. ಹಾಗೆ ಹೋದವರು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಅದರಲ್ಲೂ 2 ವರ್ಷದೊಳಗೆ ಹೋದವರಿಗೆ ಸಾಕಿದವರೊಂದಿಗೆ ಗಟ್ಟಿ ನಂಟು ಬೆಳೆಯಿತು. ಮಗುವಿನ ಚೇತರಿಕೆಗೆ ನೆಚ್ಚಿಕೊಳ್ಳಬಹುದಾದ ಒಬ್ಬ ದೊಡ್ಡವರು ಬೇಕೇ ಬೇಕು, ಅದೂ ಬೇಗ ಬೇಕು.

ಹಾಗಾಗಿಯೇ ಆಘಾತ ಕೇಂದ್ರಿತ ಸಿಬಿಟಿಯಲ್ಲಿ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಥೆರಪಿ) ಪೋಷಕರನ್ನು ಹೊರಗೆ ಬೆಂಚಿನ ಮೇಲೆ ಕೂರಿಸುವುದಿಲ್ಲ, ಅವರಿಗೂ ಸೆಷನ್ ಇರುತ್ತದೆ. ಜುಡಿತ್ ಕೋಹೆನ್, ಆಂಥೊನಿ ಮನ್ನಾರಿನೊ, ಎಸ್ತರ್ ಡೆಬ್ಲಿಂಜರ್ ರೂಪಿಸಿದ ಈ ವಿಧಾನ 3ರಿಂದ 18 ವರ್ಷದವರಿಗೆ. ಮೊದಲ ದಿನವೇ "ಏನಾಯ್ತು ಹೇಳು ಪುಟ್ಟ" ಎಂದು ಕೆದಕುವುದಿಲ್ಲ. ಉಸಿರಾಟ, ಮೈ ಸಡಿಲಿಸುವುದು, ಭಾವನೆಗೆ ಹೆಸರಿಡುವುದು ಮೊದಲು. ಆಮೇಲೆ ಮಗು ತನ್ನ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಬರೆಯಬಹುದು, ಚಿತ್ರ ಬಿಡಿಸಬಹುದು. "ನನ್ನದೇ ತಪ್ಪು" ಎಂಬ ಮಾತು ಬರುವುದು ಹೆಚ್ಚಾಗಿ ಆಗಲೇ. ಅದನ್ನು "ಛೇ, ಹಾಗೆಲ್ಲಾ ಇಲ್ಲ" ಎಂದು ಸುಮ್ನೆ ತಳ್ಳಿಹಾಕಬಾರದು. ಹಾಗೆ ಯಾಕೆ ಅನಿಸಿತು, ಆಗ ನಿನಗೆಷ್ಟು ವಯಸ್ಸು, ದೊಡ್ಡವರು ಏನು ಮಾಡಬೇಕಿತ್ತು ಎಂದು ಮಗುವಿನ ಜೊತೆ ಕೂತು ಯೋಚಿಸಬೇಕು.

ಹೊಡೆಯುವವರು ಇನ್ನೂ ಅದೇ ಮನೆಯಲ್ಲಿದ್ದರೆ? ಆಗ ಬಾಗಿಲ ಸದ್ದಿಗೆ ಬೆಚ್ಚಿಬೀಳುವುದು ರೋಗಲಕ್ಷಣ ಅಲ್ಲ, ಬದುಕಿಕೊಳ್ಳುವ ಜಾಣತನ. ಅದನ್ನು "ಸರಿಪಡಿಸಲು" ಹೋದರೆ ಮಗುವಿಗೇ ಅಪಾಯ. ಮೊದಲು ಸುರಕ್ಷತೆ, ನಂತರ ಉಳಿದದ್ದು.

ನಮ್ಮಲ್ಲಿ ಇದಕ್ಕೆ ಕಾನೂನೂ ಸೇರಿಕೊಳ್ಳುತ್ತದೆ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಥೆರಪಿಸ್ಟ್‌ಗೂ ವಿನಾಯಿತಿ ಇಲ್ಲ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಟ್ಟು ಆಮೇಲೆ ಠಾಣೆಗೆ ತಿಳಿಸಿದರೆ, ಮಗುವಿನ ನಂಬಿಕೆ ಇನ್ನೊಮ್ಮೆ ಮುರಿಯುತ್ತದೆ, ಅಲ್ವಾ? ಯಾವುದನ್ನು ಗುಟ್ಟಾಗಿ ಇಡಬಹುದು, ಯಾವುದನ್ನು ಆಗದು ಎಂಬುದನ್ನು ಮೊದಲ ಭೇಟಿಯಲ್ಲೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡಿ.