ಕಾನ್ಫರೆನ್ಸಿಗೆ ಸಂಸಾರ ಸಮೇತ: ಯಾವ ಖರ್ಚು ಕಸುಬಿನದು, ಯಾವುದು ಮನೆಯದು?

ಕಾನ್ಫರೆನ್ಸಿಗೆಂದು ಮೈಸೂರಿಗೋ ಬೆಂಗಳೂರಿಗೋ ಹೊರಟವರು ಮನೆಯವರನ್ನೂ ಮಕ್ಕಳನ್ನೂ ಅದೇ ಕಾರಿನಲ್ಲಿ ಕೂರಿಸಿಕೊಂಡು ಹೋದರೆ ಆದಾಯ ತೆರಿಗೆ ಕಾನೂನು ಬೇಡವೆನ್ನುವುದಿಲ್ಲ. ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆಯಿಂದ ನನ್ನ ಕಚೇರಿಗೆ ಬರುವ ವೈದ್ಯರು, ವಕೀಲರು, ಎಂಜಿನಿಯರುಗಳು, ವ್ಯಾಪಾರಿಗಳಲ್ಲಿ ಎರಡು ಬಗೆಯವರಿದ್ದಾರೆ. ಕೆಲವರು ಮಕ್ಕಳ ಐಸ್‌ಕ್ರೀಮಿನ ಬಿಲ್ಲನ್ನೂ ಸೇರಿಸಿ ಇಡೀ ಕಟ್ಟನ್ನು ಮೇಜಿನ ಮೇಲಿಟ್ಟು ‘ಎಲ್ಲ ಕಾನ್ಫರೆನ್ಸ್ ಖರ್ಚು’ ಎನ್ನುತ್ತಾರೆ. ಇನ್ನು ಕೆಲವರು ‘ಸಂಸಾರ ಜೊತೆಗಿತ್ತಲ್ಲ ಆಡಿಟ್ರೇ, ಸುಮ್ಮನೆ ಯಾಕೆ ರಗಳೆ’ ಎಂದು ನೋಂದಣಿ ಶುಲ್ಕದ ರಸೀದಿಯನ್ನೂ ಹೊರಗೆ ತೆಗೆಯುವುದಿಲ್ಲ. ಈ ಎರಡನೆಯವರ ಬಗ್ಗೆಯೇ ನನಗೆ ಹೆಚ್ಚು ಬೇಸರ. ವರ್ಷವಿಡೀ ಕ್ಲಿನಿಕ್ಕು, ಸೈಟು, ಅಂಗಡಿ ಎಂದು ದುಡಿಯುವವರಿಗೆ ಮನೆಯವರೊಡನೆ ನಾಲ್ಕು ದಿನ ಹೊರಗಿರಲು ಸಿಗುವ ಅಪರೂಪದ ಸಂದರ್ಭ ಅದು. ಅದರ ಸಲುವಾಗಿ ನ್ಯಾಯವಾಗಿ ಸಿಗಬೇಕಾದ ಕಡಿತವನ್ನು (ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಖರ್ಚನ್ನು ಕಳೆಯುವುದನ್ನು) ಬಿಟ್ಟುಕೊಡಬೇಕಾಗಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಸೆಕ್ಷನ್ ಪ್ರಕಾರ ಕಡಿತ ಸಿಗಬೇಕಾದರೆ ಖರ್ಚು ಪೂರ್ತಿಯಾಗಿ ವೃತ್ತಿ ಅಥವಾ ವ್ಯಾಪಾರಕ್ಕಾಗಿಯೇ ಆಗಿರಬೇಕು, ಬಂಡವಾಳದ ಖರ್ಚಾಗಿರಬಾರದು, ಸ್ವಂತದ ಖರ್ಚಾಗಿರಬಾರದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ, ಈ ತತ್ವ ಬದಲಾಗಿಲ್ಲ. ನಮ್ಮವರು ಹೆದರುವುದು ಇಲ್ಲಿಯೇ: ಕಾರಿನ ಹಿಂದಿನ ಸೀಟಿನಲ್ಲಿ ಮಗು ಕೂತ ಕೂಡಲೇ ಡೀಸೆಲ್ಲಿನ ಖರ್ಚು ಹೋಯಿತಾ? ಇಲ್ಲ. ಪ್ರತಿಯೊಂದು ಖರ್ಚು ಯಾತಕ್ಕಾಗಿ ಆಯಿತು ಎಂದು ಬಿಡಿಬಿಡಿಯಾಗಿ ನೋಡಬೇಕು. ನಾನು ಕಕ್ಷಿಗಾರರಿಗೆ ಹೇಳಿಕೊಡುವ ಪ್ರಶ್ನೆ ಒಂದೇ: ಮನೆಯವರು ಬಾರದೆ ನೀವೊಬ್ಬರೇ ಹೋಗಿದ್ದರೂ ಈ ಹಣ ಖರ್ಚಾಗುತ್ತಿತ್ತೇ? ಆಗುತ್ತಿದ್ದರೆ ಅದು ಕಸುಬಿನದು. ಅವರು ಬಂದದ್ದರಿಂದ ಹೆಚ್ಚಾದದ್ದು ಮನೆಯದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮುಳ್ಳೇರಿಯದ ಒಬ್ಬ ಸಿವಿಲ್ ಎಂಜಿನಿಯರ್. ಮೈಸೂರಿನಲ್ಲಿ ಶುಕ್ರವಾರ, ಶನಿವಾರ ಎರಡು ದಿನದ ಕಾನ್ಫರೆನ್ಸ್. ಹೆಂಡತಿ, ಇಬ್ಬರು ಮಕ್ಕಳು, ಅತ್ತೆ ಜೊತೆಗೆ. ಗುರುವಾರ ಬೆಳಿಗ್ಗೆ ಜಾಲ್ಸೂರು ದಾರಿಯಾಗಿ ಸುಳ್ಯ ಸೇರಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಕುಶಾಲನಗರ, ಹುಣಸೂರು ದಾಟಿ ಸಂಜೆಗೆ ಮೈಸೂರು. ಇವರೊಬ್ಬರೇ ಹೋದರೂ ಇದೇ ದಾರಿ, ಇದೇ ಕಾರು, ಇಷ್ಟೇ ಡೀಸೆಲ್. ಹೋಗಿ ಬರುವ ನೇರ ದಾರಿಯ ಇಂಧನ ಪೂರ್ತಿ ಕಸುಬಿನ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಮಂದಿ ಹೆಚ್ಚು ಕೂತರೆಂದು ಐದರಲ್ಲಿ ಒಂದು ಪಾಲು ಮಾತ್ರ ಹಾಕುವವರಿದ್ದಾರೆ, ಅದು ಅನಗತ್ಯ. ಬಸ್ಸಿನಲ್ಲೋ ರೈಲಿನಲ್ಲೋ ಹೋದರೆ ಮಾತ್ರ ಬೇರೆ, ಅಲ್ಲಿ ತಲೆಗೊಂದು ಟಿಕೆಟ್, ನಿಮ್ಮ ಟಿಕೆಟ್ ಮಾತ್ರ ಕಸುಬಿನದು.

ಕೊಠಡಿಯ ವಿಷಯ ಸ್ವಲ್ಪ ಸೂಕ್ಷ್ಮ. ಒಬ್ಬರಿಗೆ ಸಾಕಾಗುವ ಕೊಠಡಿಗೆ ದಿನಕ್ಕೆ 3,000 ರೂಪಾಯಿ, ಐವರಿಗಾಗಿ ತೆಗೆದುಕೊಂಡದ್ದಕ್ಕೆ 4,200 ರೂಪಾಯಿ ಎಂದಿಟ್ಟುಕೊಳ್ಳಿ. ಕಸುಬಿಗೆ 3,000, ಮನೆಗೆ 1,200. ಅದೇ ಹೋಟೆಲಿನ ಒಬ್ಬರ ಬಾಡಿಗೆಯ ದರಪಟ್ಟಿಯ ಫೋಟೋ ಒಂದನ್ನು ಆಗಲೇ ತೆಗೆದಿಟ್ಟುಕೊಳ್ಳಿ, ಎರಡು ವರ್ಷದ ಮೇಲೆ ಯಾರಾದರೂ ಕೇಳಿದರೆ ಆ ದರ ಎಲ್ಲಿಂದ ತರುತ್ತೀರಿ? ರಾತ್ರಿಗಳಲ್ಲಿ ಗುರುವಾರ, ಶುಕ್ರವಾರ ಸಂಶಯವಿಲ್ಲ. ಶನಿವಾರ ಕೊನೆಯ ಗೋಷ್ಠಿ ಸಂಜೆಗೆ ಮುಗಿದರೆ ಆ ಹೊತ್ತಿನಲ್ಲಿ ಘಾಟಿ ಇಳಿದು ಊರು ಸೇರು ಎಂದು ಯಾವ ಅಧಿಕಾರಿಯೂ ಹೇಳಲಾರರು, ಆ ರಾತ್ರಿಯನ್ನೂ ಕಸುಬಿಗೆ ಹಾಕುವುದನ್ನು ನಾನು ಸಮರ್ಥಿಸುತ್ತೇನೆ. ಭಾನುವಾರ ಮೃಗಾಲಯ ನೋಡಿ, ಸಂಜೆ ಅರಮನೆಯ ದೀಪಾಲಂಕಾರಕ್ಕೆಂದು ಉಳಿದದ್ದು ಪೂರ್ತಿ ಮನೆಯದು. ಸೋಮವಾರ ಮಡಿಕೇರಿಯಲ್ಲಿ ತಂಗಿ, ಮರುದಿನ ಭಾಗಮಂಡಲ, ತಲಕಾವೇರಿ ನೋಡಿ ಕರಿಕೆ, ಪಾಣತ್ತೂರಿನ ಮೂಲಕ ಸುತ್ತಿ ಬಂದರೆ ಆ ತಂಗುವಿಕೆಯೂ, ನೇರ ದಾರಿಗಿಂತ ಹೆಚ್ಚಾದ ಕಿಲೋಮೀಟರುಗಳ ಡೀಸೆಲ್ಲೂ ಮನೆಯದೇ. ಹೊರಡುವಾಗ, ಮೈಸೂರು ಮುಟ್ಟಿದಾಗ, ಮನೆಗೆ ಬಂದಾಗ ಓಡೋಮೀಟರಿನ ಫೋಟೋ ತೆಗೆದರೆ ಈ ಲೆಕ್ಕಕ್ಕೆ ಐದು ನಿಮಿಷ ಸಾಕು.

ಹೆಂಡತಿಯೂ ಅದೇ ವೃತ್ತಿಯವರಾಗಿದ್ದರೆ ಚಿತ್ರ ಬೇರೆ. ಗಂಡ ಹೆಂಡತಿ ಇಬ್ಬರೂ ದಂತವೈದ್ಯರಾಗಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರೂ ತಮ್ಮ ಹೆಸರಿನಲ್ಲಿ ನೋಂದಾಯಿಸಿ, ಗೋಷ್ಠಿಗಳಲ್ಲಿ ಕೂತು, ಹಾಜರಾತಿಯ ಸರ್ಟಿಫಿಕೇಟ್ ಪಡೆದಿದ್ದರೆ ಅವರ ಪಾಲೂ ವೃತ್ತಿಯ ಖರ್ಚು, ಅವರವರ ಲೆಕ್ಕದಲ್ಲಿ. ಶುಲ್ಕ ಮಾತ್ರ ಕಟ್ಟಿ ಗೋಷ್ಠಿಗೆ ಹೋಗದಿದ್ದರೆ ಇದು ನಿಲ್ಲುವುದಿಲ್ಲ.

ಪ್ರವಾಸವೇ ಮುಖ್ಯವಾಗಿ, ಕಾನ್ಫರೆನ್ಸು ನೆಪವಾಗಿದ್ದರೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಊಟಿಯಲ್ಲಿ ಒಂದು ವಾರ ಇದ್ದು, ನಡುವೆ ಒಂದು ಬೆಳಿಗ್ಗೆ ಎರಡು ಗಂಟೆಯ ಉಪನ್ಯಾಸ ಕೇಳಿದರೆ ಆ ಉಪನ್ಯಾಸದ ಶುಲ್ಕ ಬಿಟ್ಟು ಬೇರೇನನ್ನೂ ನಾನು ಲೆಕ್ಕಕ್ಕೆ ಹಾಕಲು ಒಪ್ಪುವುದಿಲ್ಲ.

ಇನ್ನು ಗಡಿಯಲ್ಲಿರುವ ನಮಗೆ ಮಾತ್ರ ಕಾಡುವ ವಿಷಯ ಜಿಎಸ್‌ಟಿ. ಜಾಲ್ಸೂರಿನಲ್ಲೋ ತಲಪಾಡಿಯಲ್ಲೋ ಗಡಿ ದಾಟಿದರೆ ಭಾಷೆ, ಬಂಧುಬಳಗ ಅದೇ, ತೆರಿಗೆಯ ರಾಜ್ಯ ಮಾತ್ರ ಬೇರೆ. ನಮ್ಮ ಜಿಎಸ್‌ಟಿ ಸಂಖ್ಯೆ ಕೇರಳದ 32ರಿಂದ ಆರಂಭ, ಕರ್ನಾಟಕದ್ದು 29ರಿಂದ. ಹೋಟೆಲ್ ಕೊಠಡಿಯ ಮಟ್ಟಿಗೆ ಕಟ್ಟಡ ಯಾವ ರಾಜ್ಯದಲ್ಲಿದೆಯೋ ಸೇವೆ ಆ ರಾಜ್ಯದಲ್ಲೇ ಪೂರೈಕೆಯಾಯಿತೆಂದು ಲೆಕ್ಕ. ಆದ್ದರಿಂದ ಮೈಸೂರಿನ ಹೋಟೆಲಿನವರು ಹಾಕುವುದು ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಕರ್ನಾಟಕದ ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ಕೇರಳದಲ್ಲಿ ಮಾತ್ರ ನೋಂದಣಿ ಇರುವವರಿಗೆ ಇದರ ಕ್ರೆಡಿಟ್, ಎಂದರೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ‘ನಾವು ಹೊರರಾಜ್ಯದವರು, ಐಜಿಎಸ್‌ಟಿ ಹಾಕಿಕೊಡಿ’ ಎಂದು, ರಾಜ್ಯಗಳ ನಡುವಿನ ವ್ಯವಹಾರಕ್ಕೆ ಹಾಕುವ ಜಿಎಸ್‌ಟಿಗಾಗಿ ಕೌಂಟರಿನಲ್ಲಿ ವಾದಿಸುವವರಿದ್ದಾರೆ. ಅಲ್ಲಿ ಕೂತವರು ಒಪ್ಪದಿರುವುದೇ ಸರಿ. ಶೈಕ್ಷಣಿಕ, ವೈಜ್ಞಾನಿಕ ಕಾರ್ಯಕ್ರಮಗಳ ಪ್ರವೇಶ ಶುಲ್ಕಕ್ಕೂ ಕಾರ್ಯಕ್ರಮ ನಡೆಯುವ ಜಾಗವೇ ಲೆಕ್ಕ. ಹೀಗೆ ಕ್ರೆಡಿಟ್ ಸಿಗದೆ ಹೋದ ತೆರಿಗೆ ಖರ್ಚಿನ ಭಾಗವಾಗಿ ಆದಾಯ ತೆರಿಗೆಯಲ್ಲಿ ಕಡಿತಕ್ಕೆ ಬರುತ್ತದೆ, ಕಸುಬಿನ ಪಾಲಿನಷ್ಟು. ಹಾಗಾಗಿ ಬಿಲ್ಲಿನಲ್ಲಿ ನಿಮ್ಮ ಸಂಸ್ಥೆಯ ಹೆಸರು, ವಿಳಾಸ ಹಾಕಿಸುವುದು ವ್ಯರ್ಥವಲ್ಲ. ಅದೇ ಕಾನ್ಫರೆನ್ಸ್ ಬೇಕಲದಲ್ಲೋ ಕಲ್ಲಿಕೋಟೆಯಲ್ಲೋ ನಡೆದರೆ ಕೊಠಡಿ, ನೋಂದಣಿಯ ತೆರಿಗೆಗೆ ಕಸುಬಿನ ಪಾಲಿನ ಮಟ್ಟಿಗೆ ಕ್ರೆಡಿಟ್ ಪಡೆಯಬಹುದು. ಊಟದ ಬಿಲ್ಲಿಗೆ ಸಾಮಾನ್ಯವಾಗಿ ಎಲ್ಲೂ ಇಲ್ಲ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಒಳಗೇ ಇಲ್ಲ.

ಹಳೆಯ ಕಾಯ್ದೆಯ 44ಎಡಿಎ ಸೆಕ್ಷನ್ ಪ್ರಕಾರ, ಖರ್ಚಿನ ಬಿಡಿ ಲೆಕ್ಕ ಕೊಡದೆ, ಒಟ್ಟು ಸಂಪಾದನೆಯ ಶೇ. 50ನ್ನು ಆದಾಯವೆಂದು ತೋರಿಸುವ ವೈದ್ಯರು, ವಕೀಲರು, ಎಂಜಿನಿಯರುಗಳಿಗೆ ಈ ಬಿಲ್ಲುಗಳಿಂದ ಆದಾಯ ತೆರಿಗೆಯಲ್ಲಿ ಪ್ರಯೋಜನವಿಲ್ಲ. ಉಳಿದ ಶೇ. 50ರಲ್ಲಿ ಎಲ್ಲ ಖರ್ಚೂ ಸೇರಿಹೋಯಿತು. ಅವರು ಲೆಕ್ಕದ ತಲೆಬಿಸಿಯಿಲ್ಲದೆ ಹೋಗಿ ಬರಬಹುದು.

ಸಂಬಳದವರ ವಿಷಯ. ಕಾಲೇಜು, ಬ್ಯಾಂಕು, ಕಂಪನಿಗಳಲ್ಲಿರುವವರಿಗೆ ಸಂಸ್ಥೆಯೇ ಪ್ರಯಾಣ, ವಸತಿಯ ಖರ್ಚು ಕೊಡುತ್ತದೆ. ಕೆಲಸದ ಮೇಲಿನ ಪ್ರಯಾಣಕ್ಕೆ ಕೊಟ್ಟದ್ದು, ಅದಕ್ಕಾಗಿಯೇ ಖರ್ಚಾದ ಮಟ್ಟಿಗೆ, ತೆರಿಗೆಗೆ ಒಳಪಡುವುದಿಲ್ಲ. ಜೊತೆಗೆ ಬಂದ ಮನೆಯವರ ಖರ್ಚನ್ನೂ ಸಂಸ್ಥೆ ಕೊಟ್ಟರೆ ಅದು ಸಂಬಳದ ಜೊತೆಗಿನ ಸೌಲಭ್ಯವೆಂದು ಲೆಕ್ಕ, ತೆರಿಗೆ ಕಟ್ಟಬೇಕು. ಅಧಿಕೃತ ಪ್ರವಾಸವನ್ನು ರಜೆಯಾಗಿ ಮುಂದುವರಿಸಿದರೆ ಮುಂದುವರಿದ ದಿನಗಳ ಖರ್ಚು ಮಾತ್ರ ಸೌಲಭ್ಯವಾಗುತ್ತದೆ ಎಂದು ನಿಯಮದಲ್ಲೇ ಇದೆ. ಎರಡು ದಿನ ರಜೆ ಸೇರಿಸಿದ್ದಕ್ಕೆ ಇಡೀ ಪ್ರಯಾಣಕ್ಕೆ ತೆರಿಗೆ ಬಿದ್ದೀತೆಂಬ ಭಯ ಬೇಡ. ಎಲ್‌ಟಿಎ (ರಜೆಯ ಪ್ರಯಾಣಕ್ಕೆ ಸಂಸ್ಥೆ ಕೊಡುವ ಭತ್ಯೆಯ ತೆರಿಗೆ ವಿನಾಯಿತಿ) ಸೇರಿಸಬಹುದೇ ಎಂದು ಕೇಳುತ್ತಾರೆ. ಅದು ರಜೆಯ ಮೇಲೆ ಹೋಗುವ ಪ್ರಯಾಣಕ್ಕೆ, ನಾಲ್ಕು ಕ್ಯಾಲೆಂಡರ್ ವರ್ಷಗಳ ಒಂದು ಅವಧಿಯಲ್ಲಿ ಎರಡು ಬಾರಿ, ಪ್ರಯಾಣದರಕ್ಕೆ ಮಾತ್ರ. ಹೋಟೆಲಿಗೂ ಊಟಕ್ಕೂ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇಲ್ಲವೇ ಇಲ್ಲ. ಕಚೇರಿಯ ಡ್ಯೂಟಿಯಲ್ಲಿ ಹೋದ ಪ್ರಯಾಣವನ್ನೇ ರಜೆಯ ಪ್ರಯಾಣವೆಂದು ಮತ್ತೊಮ್ಮೆ ತೋರಿಸುವಂತಿಲ್ಲ.

ಕಾಗದಪತ್ರಗಳಲ್ಲಿ ನೋಂದಣಿ ರಸೀದಿ, ಕಾರ್ಯಕ್ರಮ ಪಟ್ಟಿ, ಹಾಜರಾತಿ ಸರ್ಟಿಫಿಕೇಟ್ ಈ ಮೂರು ಕಡ್ಡಾಯ. ಟೋಲ್ ಕಟ್ಟಿದ್ದರೆ ಫಾಸ್ಟ್ಯಾಗ್ ಖಾತೆಯ ವಿವರದಲ್ಲಿ ದಿನಾಂಕ, ಗಂಟೆ ಎರಡೂ ಇರುತ್ತವೆ, ಒಳ್ಳೆಯ ಸಾಕ್ಷಿ. ಹೋಟೆಲಿಗೆ ನಗದು ಬೇಡ. ಒಂದೇ ದಿನ ಒಬ್ಬರಿಗೇ 10,000 ರೂಪಾಯಿ ಮೀರಿ ನಗದು ಕೊಟ್ಟ ವ್ಯಾಪಾರದ ಖರ್ಚಿಗೆ ಕಡಿತವೇ ಸಿಗುವುದಿಲ್ಲ. ಸಂಸ್ಥೆಯ ಖಾತೆಯಿಂದ ಇಡೀ ಬಿಲ್ಲು ಕಟ್ಟಿದ್ದರೂ ಚಿಂತೆಯಿಲ್ಲ, ಮನೆಯ ಪಾಲನ್ನು ಡ್ರಾಯಿಂಗ್ಸ್ (ಮಾಲೀಕರು ಸ್ವಂತಕ್ಕೆ ತೆಗೆದುಕೊಂಡ ಹಣ) ಎಂದು ಬರೆದರಾಯಿತು. ಆದರೆ ಅದನ್ನು ಪ್ರಯಾಣ ಮುಗಿದ ವಾರದಲ್ಲೇ ಬರೆಯಿರಿ. ಮಾರ್ಚ್ ಕೊನೆಗೆ ನನ್ನ ಮುಂದೆ ಕೂತು ‘ಈ ಬಿಲ್ಲು ಯಾವುದರದ್ದೋ’ ಎಂದು ನೆನಪಿಸಿಕೊಳ್ಳುವಾಗ ನಷ್ಟವಾಗುವುದು ನಿಮಗೇ.

ಕೊನೆಯದಾಗಿ, ಖರ್ಚು ಬೇರೆಯವರು ಕೊಡುವ ಪ್ರಯಾಣ. ಪೈಂಟು, ಸಿಮೆಂಟು, ಪಂಪ್‌ಸೆಟ್ ಕಂಪನಿಗಳು ಡೀಲರುಗಳನ್ನು ಸಮ್ಮೇಳನಕ್ಕೆ ಕರೆಯುತ್ತವೆ, ‘ಫ್ಯಾಮಿಲಿಯನ್ನೂ ಕರೆತನ್ನಿ’ ಎನ್ನುತ್ತವೆ. ಹೀಗೆ ಸಿಗುವ ಪ್ರಯೋಜನ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇ. 10 ಟಿಡಿಎಸ್ (ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಎಂದು ಹಳೆಯ ಕಾಯ್ದೆಯ 194ಆರ್ ಸೆಕ್ಷನ್ 2022ರ ಜುಲೈ 1ರಿಂದ ಬಂತು. ಹೊಸ ಉತ್ಪನ್ನದ ಪರಿಚಯ, ಮಾರಾಟದ ತರಬೇತಿಯಂಥ ವಿಷಯಗಳಿಗೆ ನಡೆಸುವ ಸಮ್ಮೇಳನ ಈ ಸೆಕ್ಷನ್ ಹೇಳುವ ‘ಪ್ರಯೋಜನ’ದ ಲೆಕ್ಕಕ್ಕೆ ಬಾರದು. ಮನೆಯವರ ಖರ್ಚು, ವಿಹಾರದ ಖರ್ಚು, ಸಮ್ಮೇಳನದ ದಿನಗಳಾಚೆ ಉಳಿದದ್ದು ಪ್ರಯೋಜನವಾಗುತ್ತದೆ ಎಂದು ಕೇಂದ್ರ ನೇರ ತೆರಿಗೆ ಮಂಡಳಿ ಅದೇ ವರ್ಷ ಸುತ್ತೋಲೆಯಲ್ಲಿ ಹೇಳಿತು. ಸಮ್ಮೇಳನದ ಹಿಂದಿನ ಒಂದು ದಿನ, ಮರುದಿನ ಒಂದು ದಿನ ಇದಕ್ಕೆ ಸೇರುವುದಿಲ್ಲ ಎಂದು ಆಮೇಲಿನ ಸುತ್ತೋಲೆ ಸ್ಪಷ್ಟಪಡಿಸಿತು. ನಮ್ಮಂಥ ದೂರದ ಊರಿನವರಿಗೆ ಅದು ದೊಡ್ಡ ಅನುಕೂಲ. ವೈದ್ಯರು ಇನ್ನೂ ಎಚ್ಚರದಲ್ಲಿರಬೇಕು. ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆ, ಪ್ರವಾಸಗಳ ಖರ್ಚು ಕಂಪನಿಯ ಲೆಕ್ಕದಲ್ಲಿ ಕಡಿತಕ್ಕೆ ಅರ್ಹವಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಮನೆಯವರ ಟಿಕೆಟನ್ನು ಅಂಥ ಕಂಪನಿಯಿಂದ ತೆಗೆದುಕೊಳ್ಳಲೇಬೇಡಿ ಎನ್ನುವುದು ನನ್ನ ಖಚಿತ ಸಲಹೆ. ಡೀಲರುಗಳು ಒಪ್ಪಿಕೊಳ್ಳುವ ಮೊದಲೇ ಕಂಪನಿಯವರನ್ನು ಕೇಳಿ: ಮನೆಯವರ ಲೆಕ್ಕಕ್ಕೆ ಎಷ್ಟು ಬರೆಯುತ್ತೀರಿ, ಟಿಡಿಎಸ್ ಎಷ್ಟು? ಆ ಮೊತ್ತ ನಿಮ್ಮ ಹೆಸರಿನ ವಾರ್ಷಿಕ ತೆರಿಗೆ ವಿವರಪಟ್ಟಿಯಲ್ಲಿ (26ಎಎಸ್ ಎನ್ನುವುದು ಅದನ್ನೇ) ಕಾಣಿಸಿಕೊಳ್ಳುತ್ತದೆ. ರಿಟರ್ನ್ ತುಂಬುವ ಮೊದಲು ಅದನ್ನು ನೋಡಿ, ನಿಮ್ಮ ಆಡಿಟರಿಗೂ ತೋರಿಸಿ.