ಬೊಕ್ಕಸದ ಕೀಲಿ ಕೈಯಲ್ಲಿದ್ದರೂ: ನಿಕ್ಸನ್, ಕಾಂಬೋಡಿಯಾ ಮತ್ತು ಅಮೆರಿಕದ ಸಂಸತ್ತು

1970ರ ಏಪ್ರಿಲ್ 20ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ವಿಯೆಟ್ನಾಂನಿಂದ ಇನ್ನೂ ಒಂದೂವರೆ ಲಕ್ಷ ಸೈನಿಕರನ್ನು ವಾಪಸ್ ಕರೆಸುವುದಾಗಿ ಪ್ರಕಟಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ, ಏಪ್ರಿಲ್ 30ರ ರಾತ್ರಿ, ಮತ್ತೆ ಟಿ.ವಿ. ಪರದೆಗೆ ಬಂದು ನಕ್ಷೆ ತೋರಿಸುತ್ತ, ಪಕ್ಕದ ಕಾಂಬೋಡಿಯಾದೊಳಕ್ಕೂ ಸೇನೆ ನುಗ್ಗುತ್ತಿದೆ ಎಂದರು. ಗಡಿಯಾಚೆ ಅಡಗಿರುವ ಉತ್ತರ ವಿಯೆಟ್ನಾಂ ನೆಲೆಗಳನ್ನು ನಾಶ ಮಾಡುವುದಷ್ಟೇ ಗುರಿ, ಇದು ಆಕ್ರಮಣವಲ್ಲ ಎಂಬ ಸಮಜಾಯಿಷಿಯೂ ಜೊತೆಗಿತ್ತು. ಯುದ್ಧ ಮುಗಿಯುವುದನ್ನೇ ಕಾಯುತ್ತಿದ್ದವರು ಕೆರಳಿದರು. ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನಕಾರರತ್ತ ನ್ಯಾಷನಲ್ ಗಾರ್ಡ್ ಯೋಧರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು.

ಅಲ್ಲಿನ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಸಂಸತ್ತಿನದು, ಅಂದರೆ ಕಾಂಗ್ರೆಸ್‌ನದು. ಯುದ್ಧದ ಖರ್ಚಿಗೆ ಹಣ ಮಂಜೂರು ಮಾಡುವುದೂ ಅದೇ. ಆದರೆ ಸೇನೆಯ ಮಹಾದಂಡನಾಯಕ ಅಧ್ಯಕ್ಷ. ವಿಯೆಟ್ನಾಂ ವಿಷಯದಲ್ಲಿ ಕಾಂಗ್ರೆಸ್ ತನ್ನ ಅಧಿಕಾರವನ್ನು ತಾನಾಗಿಯೇ ಬಿಟ್ಟುಕೊಟ್ಟಿತ್ತು ಎನ್ನಬೇಕು. 1964ರ ಆಗಸ್ಟ್‌ನಲ್ಲಿ, ಆ ಭಾಗದಲ್ಲಿ ಸೇನೆ ಬಳಸಲು ಅಧ್ಯಕ್ಷರಿಗೆ ಮುಕ್ತ ಅನುಮತಿ ಕೊಟ್ಟ ಟಾಂಕಿನ್ ಕೊಲ್ಲಿ ನಿರ್ಣಯಕ್ಕೆ ಕಾಂಗ್ರೆಸ್‌ನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಒಂದೇ ಒಂದು ವಿರೋಧದ ಮತ ಬೀಳಲಿಲ್ಲ; ಮೇಲ್ಮನೆಯಾದ ಸೆನೆಟ್‌ನಲ್ಲಿ 88 ಮಂದಿ ಪರ, ಇಬ್ಬರು ವಿರುದ್ಧ. ಅಂದು ಅದನ್ನು ಸೆನೆಟ್‌ನಲ್ಲಿ ಮುಂದೆ ನಿಂತು ಪಾಸು ಮಾಡಿಸಿದ ವಿಲಿಯಂ ಫುಲ್‌ಬ್ರೈಟ್ ಅವರೇ ಮುಂದೆ ಯುದ್ಧದ ಕಟು ಟೀಕಾಕಾರರಾದರು.

1969ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಸ್ವಲ್ಪ ಎಚ್ಚೆತ್ತಿತ್ತು. ಲಾವೋಸ್ ಮತ್ತು ಥಾಯ್ಲೆಂಡ್‌ಗೆ ಭೂಸೇನೆ ಕಳಿಸಲು ಹಣ ಬಳಸಕೂಡದೆಂದು ಕಾನೂನು ಮಾಡಿತು. ಪಟ್ಟಿಯಲ್ಲಿ ಕಾಂಬೋಡಿಯಾ ಇರಲಿಲ್ಲ. ಆಗ ಅದು ಸಿಹಾನುಕ್ ಆಳ್ವಿಕೆಯ ತಟಸ್ಥ ದೇಶ. ಅದರ ನೆಲದ ಮೇಲೆ ಅಮೆರಿಕದ ಬಿ-52 ವಿಮಾನಗಳು ಆ ವರ್ಷದ ಮಾರ್ಚ್‌ನಿಂದಲೇ ಗುಟ್ಟಾಗಿ ಬಾಂಬ್ ಸುರಿಯುತ್ತಿದ್ದವು, ದಾಖಲೆಗಳಲ್ಲಿ ಸುಳ್ಳು ಗುರಿಗಳನ್ನು ಬರೆದಿಡಲಾಗುತ್ತಿತ್ತು. ಇದೆಲ್ಲ ಬಯಲಾಗಿದ್ದು 1973ರ ಸೆನೆಟ್ ವಿಚಾರಣೆಯಲ್ಲಿ.

ನಿಕ್ಸನ್ ಭಾಷಣಕ್ಕೆ ಉತ್ತರವಾಗಿ ಬಂದದ್ದು, ಮಸೂದೆಯೊಂದಕ್ಕೆ ಇಬ್ಬರು ಸೆನೆಟರ್‌ಗಳು ತಂದ ಕೂಪರ್-ಚರ್ಚ್ ತಿದ್ದುಪಡಿ. ಜಾನ್ ಶರ್ಮನ್ ಕೂಪರ್ ನಿಕ್ಸನ್ ಅವರದೇ ರಿಪಬ್ಲಿಕನ್ ಪಕ್ಷದವರು, 1955-56ರಲ್ಲಿ ದೆಹಲಿಯಲ್ಲಿ ರಾಯಭಾರಿಯಾಗಿದ್ದವರು. ಫ್ರಾಂಕ್ ಚರ್ಚ್ ಡೆಮಾಕ್ರಟಿಕ್ ಪಕ್ಷದವರು. ಜೂನ್ 30ರ ನಂತರ ಕಾಂಬೋಡಿಯಾದಲ್ಲಿ ಸೇನೆ ಇರಿಸಲು ಹಣವಿಲ್ಲ ಎಂಬುದು ಅವರ ತಿದ್ದುಪಡಿಯ ತಿರುಳು. ಸೆನೆಟ್‌ನಲ್ಲಿ ಚರ್ಚೆ ವಾರಗಟ್ಟಲೆ ಎಳೆಯಿತು. ಕೊನೆಗೆ 58-37 ಮತಗಳಿಂದ ಅದು ಗೆದ್ದದ್ದು ಜೂನ್ 30ರಂದೇ. ನಿಕ್ಸನ್ ಮೊದಲೇ ಮಾತು ಕೊಟ್ಟಂತೆ ಭೂಸೇನೆ ಕಾಂಬೋಡಿಯಾದಿಂದ ಹೊರಬಿದ್ದಾಗಿತ್ತು. ಪ್ರತಿನಿಧಿ ಸಭೆಯಂತೂ ಜುಲೈನಲ್ಲಿ ಅದನ್ನು ತಳ್ಳಿಹಾಕಿತು. ಟಾಂಕಿನ್ ನಿರ್ಣಯ ರದ್ದುಗೊಳಿಸುವ ಪ್ರಸ್ತಾವವನ್ನು ನಿಕ್ಸನ್ ಬೆಂಬಲಿಗರಾದ ಸೆನೆಟರ್ ಬಾಬ್ ಡೋಲ್ ತಾವೇ ಮುಂದಿಟ್ಟರು. ಮಹಾದಂಡನಾಯಕನಾಗಿ ತನಗಿರುವ ಅಧಿಕಾರವೇ ಸಾಕು ಎನ್ನುತ್ತಿದ್ದ ಸರ್ಕಾರಕ್ಕೆ ಆ ನಿರ್ಣಯ ಹೋದರೂ ನಷ್ಟವಿರಲಿಲ್ಲ.

ಸಡಿಲಗೊಂಡ ಕೂಪರ್-ಚರ್ಚ್ 1971ರ ಜನವರಿಯಲ್ಲಿ ಕಾನೂನಾಯಿತು. ಭೂಸೇನೆಗೆ, ಸೇನಾ ಸಲಹೆಗಾರರಿಗೆ ತಡೆ ಬಿತ್ತು, ವಾಯುದಾಳಿಗೆ ಬೀಳಲಿಲ್ಲ. ಹಾಗೆಂದು ಇಂಥ ತಡೆ ಬರೀ ಕಾಗದದ್ದಾಗಿರಲಿಲ್ಲ. ಮರು ತಿಂಗಳು ದಕ್ಷಿಣ ವಿಯೆಟ್ನಾಂ ಸೇನೆ ಲಾವೋಸ್‌ಗೆ ನುಗ್ಗಿದಾಗ, ಅಲ್ಲಿಗೆ ಹಣ ನಿಷೇಧಿಸಿದ್ದ ಕಾನೂನಿನಿಂದಾಗಿ ಅಮೆರಿಕದ ಭೂಸೇನೆ ಗಡಿಯಲ್ಲೇ ನಿಂತಿತು. ಹೆಲಿಕಾಪ್ಟರ್‌ಗಳು, ಯುದ್ಧವಿಮಾನಗಳು ಮಾತ್ರ ಒಳಹೋದವು.

ವಾಯುದಾಳಿಗೆ ಬಿಟ್ಟ ಆ ಕಿಂಡಿಯ ಬೆಲೆ ಗೊತ್ತಾಗಿದ್ದು 1973ರಲ್ಲಿ. ಜನವರಿಯಲ್ಲಿ ಪ್ಯಾರಿಸ್ ಒಪ್ಪಂದವಾಗಿ ವಿಯೆಟ್ನಾಂನಿಂದ ಸೈನಿಕರು ಮನೆಗೆ ಮರಳಿದ ಮೇಲೂ ಕಾಂಬೋಡಿಯಾ ಮೇಲೆ ಆರು ತಿಂಗಳಲ್ಲಿ ಸುಮಾರು ಎರಡೂವರೆ ಲಕ್ಷ ಟನ್ ಬಾಂಬ್ ಬಿತ್ತು. ಈ ಸಲ ಪ್ರತಿನಿಧಿ ಸಭೆಯೂ ಹಣ ಕೊಡುವುದಿಲ್ಲ ಎಂದಿತು. ನಿಕ್ಸನ್ ಜೂನ್‌ನಲ್ಲಿ ವೀಟೊ ಚಲಾಯಿಸಿದರು. ಆದರೆ ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದಿದ್ದ ಅವರು ಚೌಕಾಸಿಗೆ ಇಳಿಯಲೇಬೇಕಾಯಿತು: ಆಗಸ್ಟ್ 15ಕ್ಕೆ ಬಾಂಬ್ ದಾಳಿ ಬಂದ್. ಆ ಗಡುವಿಗೆ ಒಂಬತ್ತು ದಿನ ಮುಂಚೆ ಬಿ-52 ವಿಮಾನವೊಂದು ಗುರಿ ತಪ್ಪಿ ಮೆಕಾಂಗ್ ದಡದ ನೀಕ್ ಲುಯಾಂಗ್ ಪಟ್ಟಣದ ಮೇಲೆ ಬಾಂಬ್ ಸುರಿಸಿ 137 ಜನರನ್ನು ಕೊಂದಿತು. ಸತ್ತವರು ಅಮೆರಿಕ ಬೆಂಬಲಿಸುತ್ತಿದ್ದ ಕಾಂಬೋಡಿಯಾ ಸರ್ಕಾರದ ಕಡೆಯವರೇ.

ನವೆಂಬರ್ 7ರಂದು ಕಾಂಗ್ರೆಸ್ ಇನ್ನೊಂದು ವೀಟೊವನ್ನು ಮೆಟ್ಟಿ ಯುದ್ಧಾಧಿಕಾರ ನಿರ್ಣಯವನ್ನು ಕಾನೂನು ಮಾಡಿತು: ಸೇನೆ ಇಳಿಸಿದ 48 ಗಂಟೆಯೊಳಗೆ ವರದಿ, ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ವಾಪಸಾತಿಯ ಗಡುವು. ಹೆಚ್ಚು ಹೆಸರು ಮಾಡಿದ್ದು ಇದೇ. ನನ್ನ ಲೆಕ್ಕದಲ್ಲಿ ಅಮೆರಿಕದ ಯುದ್ಧ ನಿಲ್ಲಿಸಿದ್ದು ಮಾತ್ರ ಆಗಸ್ಟ್ 15ರ ಹಣದ ಕಡಿತ. 2011ರಲ್ಲಿ ಲಿಬಿಯಾ ಮೇಲಿನ ದಾಳಿ 60 ದಿನ ದಾಟಿದಾಗ ಒಬಾಮ ಸರ್ಕಾರ ಈ ಗಡುವು ತನಗೆ ಅನ್ವಯಿಸುವುದಿಲ್ಲ ಎಂದು ವಾದಿಸಿತು. ಜೂನ್ 24ರಂದು ಪ್ರತಿನಿಧಿ ಸಭೆ ಆ ಕಾರ್ಯಾಚರಣೆಗೆ ಅನುಮತಿ ನೀಡುವ ನಿರ್ಣಯವನ್ನು 295-123ರಿಂದ ಸೋಲಿಸಿತು. ಅದೇ ದಿನ, ಅದರ ಹಣಕ್ಕೆ ಕತ್ತರಿ ಹಾಕುವ ಮಸೂದೆಯನ್ನೂ ಸೋಲಿಸಿತು.